ಓಲ್ಡ್ ಏರ್‌ಪೋರ್ಟಿನ ಕೆಂಪು ಚುಕ್ಕೆಗಳು

ಅಕ್ಟೋಬರ್ 5, ಭಾನುವಾರ

ಸರ್ವರ್ ಮತ್ತೆ ನಿಧಾನ. ಕ್ಲಿನಿಕ್‌ನವರ ಸೆಪ್ಟೆಂಬರ್ ಡೇಟಾ ನಮ್ಮ ನಕ್ಷೆ ಕಂಪನಿಗೆ ಬಂತು. ಹೆಸರಿಲ್ಲ, ಫೋನ್ ನಂಬರ್ ಇಲ್ಲ. ವಯಸ್ಸು, ಕಾಯಿಲೆ, ಬಂದ ವಾರ, ಮನೆ ಇರುವ ಕಟ್ಟಡ — ಅಷ್ಟೆ. ಅವರಿಗೆ ಬೇಕಾದದ್ದೂ ಇಷ್ಟೇ: ರೋಗಿಗಳು ಯಾವ ಕಡೆಯಿಂದ ಹೆಚ್ಚು ಬರುತ್ತಾರೆ, ಹೊಸ ಶಾಖೆ ಎಲ್ಲಿ ತೆರೆಯಬೇಕು. ನಕ್ಷೆ ಮಾಡಿ ಕೊಟ್ಟರೆ ಖಲಾಸ್.

ಅಭ್ಯಾಸಬಲ. ರೋಗಿಗೊಂದು ಚುಕ್ಕೆಯಿಟ್ಟು, ವಾರಕ್ಕೊಂದು ನಕ್ಷೆಯ ಪದರ ಮಾಡಿ, ಒಂದರ ಮೇಲೊಂದಿಟ್ಟು ಓಡಿಸಿ ನೋಡಿದೆ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಮೇಲೆ ತಿಂಗಳ ಕೊನೆಗೆ ಒಂದು ಕೆಂಪು ಕಲೆ. ನ್ಯುಮೋನಿಯಾ. ಎಲ್ಲರೂ ಅರವತ್ತು ದಾಟಿದವರು.

ಈ ದೋಹಾದಲ್ಲಿ ವಯಸ್ಸಾದವರೇ ಕಡಿಮೆ. ಎಲ್ಲ ದುಡಿಯಲು ಬಂದವರು. ಇರುವ ಹಿರಿಯರಲ್ಲಿ ಬಹಳಷ್ಟು ಜನ ನಮ್ಮ ಮಾವನ ಹಾಗೆ, ಮಕ್ಕಳ ಮನೆಗೆ ವಿಸಿಟ್ ವೀಸಾದಲ್ಲಿ ಬಂದವರು. ಬೇರೆ ಊರಲ್ಲಾದರೆ ಇಷ್ಟು ಚುಕ್ಕೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಲ್ಲಿ ಕಣ್ಣಿಗೆ ಚುಚ್ಚುತ್ತದೆ.

ಡೇಟಾದಲ್ಲಿ ಏನೋ ತಪ್ಪಿರಬೇಕು. ನಾಳೆ ನೋಡೋಣ.

ಅಕ್ಟೋಬರ್ 7, ಮಂಗಳವಾರ, ಊಟದ ಹೊತ್ತು

ತಪ್ಪಿಲ್ಲ. ಒಬ್ಬರನ್ನೇ ಎರಡು ಸಲ ಎಣಿಸಿದ್ದಾರೇನೋ ಅಂದುಕೊಂಡಿದ್ದೆ, ಹಾಗೂ ಅಲ್ಲ. ಹೋದ ವರ್ಷದ ಸೆಪ್ಟೆಂಬರ್ ಪದರ ತೆಗೆದು ಪಕ್ಕಕ್ಕಿಟ್ಟೆ. ಅಲ್ಲಿ ಖಾಲಿ.

ಟೋನಿ ಸರ್‌ಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಮ್ಯಾನೇಜರ್ ಆದರೂ ಮಂಗಳೂರಿನವರು ಅನ್ನುವ ಸಲುಗೆ ಇದೆ, ಅದಕ್ಕೇ ನೇರವಾಗಿ ಹೋಗಿದ್ದೆ.

"ಜಾಹ್ನವಿ, ಅವರು ನಮ್ಮತ್ರ ಕೇಳಿದ್ದೆಂತ?"

"ಹೊಸ ಶಾಖೆ ಎಲ್ಲಿ ಅಂತ."

"ಅದನ್ನು ಹೇಳುವಾ. ಕಾಯಿಲೆ ಹುಡುಕ್ಲಿಕ್ಕೆ ಅವರತ್ರ ಡಾಕ್ಟರ್ಸ್ ಇದ್ದಾರೆ. ನಾವು ಗೀಚಿದ್ದು ಹೊರಗೆ ಹೋಗಿ, ನಾಳೆ ವಾಟ್ಸಾಪ್‌ನಲ್ಲಿ ಓಡಿದ್ರೆ ನಾನೂ ಇಲ್ಲ, ನೀವೂ ಇಲ್ಲ."

ಗದರಿಸಿ ಹೇಳಲಿಲ್ಲ. ಮೆಲ್ಲಗೆ ಹೇಳಿದರು. ಅದೇ ಹೆಚ್ಚು ಹೆದರಿಸಿತು. ಜೂನ್‌ನಲ್ಲಿ ಗಂಡ ನಾಗಾರ್ಜುನನ ಪ್ರಾಜೆಕ್ಟ್ ಮುಗಿದು ಕೆಲಸ ಹೋದ ಮೇಲೆ ಅವನು, ಮಗಳು ಗಗನಾ, ಇಬ್ಬರೂ ಈ ದೇಶದಲ್ಲಿರಲು ಬೇಕಾದ ಐಡಿ ನನ್ನ ಕೆಲಸದ ಮೇಲೆ ನಿಂತಿದೆ. ಮಾವನ ವೀಸಾ ಕೂಡ.

ಅಕ್ಟೋಬರ್ 9, ಗುರುವಾರ

ನಫೀಸಾಳಿಗೆ ಫೋನ್ ಮಾಡಿದೆ. ಉಪ್ಪಿನಂಗಡಿಯವಳು, ಗಗನಾಳ ಗೆಳತಿಯ ಅಮ್ಮ. ಅದೇ ಕ್ಲಿನಿಕ್‌ನಲ್ಲಿ ಡಾಕ್ಟರ್. ಡೇಟಾ ಅವಳ ಕ್ಲಿನಿಕ್‌ನದ್ದೇ, ಹೊರಗಿನವರಿಗೆ ಹೇಳಿದ ಹಾಗಲ್ಲ — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಮಾಡಿದ ಫೋನ್.

"ಚುಕ್ಕೆ ನೋಡಿ ಕಾಯಿಲೆ ಹೇಳ್ಲಿಕ್ಕೆ ಆಗುದಿಲ್ಲ ಜಾಹ್ನವಿ," ಅಂದಳು. ಆಮೇಲೆ, "ಆದ್ರೆ ನನಗೂ ಅನಿಸಿತ್ತು. ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗುದಿಲ್ಲ. ಲೀಜಿಯೊನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಉಂಟು. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೀತದೆ. ಆ ನೀರು ಸಣ್ಣ ಹನಿಯಾಗಿ ಗಾಳಿಗೆ ಹಾರಿದ್ರೆ ಉಸಿರಿನೊಟ್ಟಿಗೆ ಒಳಗೆ ಹೋಗ್ತದೆ. ಒಬ್ಬರಿಂದ ಒಬ್ಬರಿಗೆ ಹರಡುದಿಲ್ಲ. ನೀರಿನ ಜಾಗ ಒಂದು ಇರ್ಬೇಕು."

"ಟೆಸ್ಟ್ ಇದೆಯಾ?"

"ಮೂತ್ರದ ಟೆಸ್ಟ್. ಇನ್ನು ಬಂದವರಿಗೆ ಮಾಡಿಸ್ತೇನೆ. ನೀನು ಜಾಗ ಹುಡುಕು."

ನೀನು ಜಾಗ ಹುಡುಕು. ಎಷ್ಟು ಸುಲಭವಾಗಿ ಹೇಳಿದಳು.

ಅಕ್ಟೋಬರ್ 12, ಭಾನುವಾರ

ಶುಕ್ರ, ಶನಿ ವಾರದ ರಜೆ, ಎರಡೂ ದಿನ ತಲೆಯಲ್ಲಿ ಇದೇ. ಮನೆಗಳು ಚೆಲ್ಲಾಪಿಲ್ಲಿ. ಒಂದೇ ಕಟ್ಟಡ ಅಲ್ಲ, ಒಂದೇ ಟ್ಯಾಂಕ್ ಅಲ್ಲ. ನಡುವೆ ಒಂದು ಜಾಗ ಬೇಕು, ಸಿಗುತ್ತಿಲ್ಲ.

ಇವತ್ತು ಬೆಳಿಗ್ಗೆ ಮಾವ ಬಾಗಿಲ ಬಳಿ ಕೂತು ಶೂ ಕಟ್ಟುತ್ತಿದ್ದರು. ಆಗ ಹೊಳೆಯಿತು. ಇವರಿಗೆ ಕಾರಿಲ್ಲ. ಬಸ್ಸು ಗೊತ್ತಿಲ್ಲ. ಟ್ಯಾಕ್ಸಿಯವನ ಭಾಷೆ ಬರುವುದಿಲ್ಲ. ಇವರಂಥವರ ದೋಹಾ ಅಂದರೆ ನಡೆದು ಹೋಗಿ ನಡೆದು ಬರುವಷ್ಟು ಮಾತ್ರ.

ಆಫೀಸಿಗೆ ಹೋದವಳೇ ಪ್ರತಿ ಮನೆಯಿಂದ ವಯಸ್ಸಾದವರು ನಡೆಯಬಹುದಾದ ದೂರಕ್ಕೆ ನಕ್ಷೆಯ ಮೇಲೆ ಬೇಲಿ ಎಳೆದೆ. ಗೆರೆ ಎಳೆದ ಹಾಗೆ ನೇರ ಅಲ್ಲ — ಫುಟ್‌ಪಾತ್ ಇರುವ ಕಡೆ, ದೊಡ್ಡ ರಸ್ತೆ ದಾಟದ ಹಾಗೆ. ಬೇಲಿಗಳು ಒಂದರ ಮೇಲೊಂದು ಬಿದ್ದವು. ಎಲ್ಲವೂ ಸೇರುವುದು ಒಂದೇ ಬೀದಿಯ ತುಂಡಿನ ಮೇಲೆ. ಒಂದು ದಿನಸಿ ಅಂಗಡಿ, ಒಂದು ಟೈಲರ್, ಒಂದು ಕೆಫೆಟೇರಿಯಾ.

ಕೆಫೆಟೇರಿಯಾ ಮಂಗಳೂರು ಕಡೆಯ ತಾರಾನಾಥಣ್ಣನದು.

ದಿನವೂ ಸಂಜೆ ಮಾವ ಹೋಗಿ ಕೂರುವ ಜಾಗ.

ಅಕ್ಟೋಬರ್ 13, ಸೋಮವಾರ

ಆಫೀಸು ಬಿಟ್ಟು ನೇರ ಅಲ್ಲಿಗೇ ಹೋದೆ. ಸೆಕೆ. ಗಾಳಿಯೇ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಅಂಗಡಿ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಹಿರಿಯರು ಅರ್ಧ ಚಂದ್ರಾಕಾರದಲ್ಲಿ. ಕೇರಳದವರು, ಹೈದರಾಬಾದಿನವರು, ನಮ್ಮವರು. ಮಾವ ತಮ್ಮ ರೈಲ್ವೆ ವರ್ಕ್‌ಶಾಪಿನ ಕಥೆಯನ್ನು ಹರಕು ಹಿಂದಿಯಲ್ಲಿ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ಮಾತಾಡಿದ್ದು ನಾನು ನೋಡಿಲ್ಲ.

ಅವರ ಹಿಂದೆ ಎರಡು ದೊಡ್ಡ ಫ್ಯಾನ್. ಕೆಳಗೆ ನೀರಿನ ಡ್ರಮ್. ತಿರುಗಿದಾಗಲೆಲ್ಲ ಬಿಳಿ ಮಂಜು ಹಾರಿ ತಲೆಗಳ ಮೇಲೆ ಇಳಿಯುತ್ತಿತ್ತು.

"ಎಂತ ನಿಂತದ್ದು ಅಲ್ಲಿ? ಬಾ ಮಗಾ, ತಂಪುಂಟು," ಅಂದರು ಪೂವಕ್ಕ. ತಾರಾನಾಥಣ್ಣನ ತಾಯಿ. ಫ್ಯಾನಿಗೆ ಎಲ್ಲರಿಗಿಂತ ಹತ್ತಿರ ಅವರ ಕುರ್ಚಿ.

ತಾರಾನಾಥಣ್ಣ ಒಳಗಿನಿಂದ ಗಟ್ಟಿ ಹಾಲಿನ ಕರಕ್ ಚಾ ತಂದುಕೊಟ್ಟ. ಫ್ಯಾನ್ ಯಾವಾಗ ತಂದಿರಿ ಅಂತ ಮಾತಿಗೆ ಕೇಳಿದ ಹಾಗೆ ಕೇಳಿದೆ. ಸೆಪ್ಟೆಂಬರ್ ನಡುವೆ, ಸೆಕೆಂಡ್ ಹ್ಯಾಂಡ್. ಹಿರಿಯರು ಸೆಕೆಗೆ ಬರುವುದನ್ನೇ ಬಿಡುತ್ತಿದ್ದರಂತೆ, ಅದಕ್ಕೆ.

ಡ್ರಮ್ ಮುಟ್ಟಿದೆ. ಬೆಚ್ಚಗಿತ್ತು. ಮುಚ್ಚಳದ ಅಂಚಿನಲ್ಲಿ ಲೋಳೆ.

ಮಾವನಿಗೆ ಗಗನಾಳ ಹೋಂವರ್ಕ್ ನೆಪ ಹೇಳಿ ಕರೆದುಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ಕೆಮ್ಮಿದರು.

ಅಕ್ಟೋಬರ್ 14, ಮಂಗಳವಾರ

ನಫೀಸಾಳ ಮೆಸೇಜ್: ಒಬ್ಬರದು ಪಾಸಿಟಿವ್. ಯಾರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರೋಗ್ಯ ಇಲಾಖೆಗೆ ತಿಳಿಸಿದ್ದಾಳೆ, ನಿನ್ನೆ ರಾತ್ರಿ ನಾನು ಹೇಳಿದ ಜಾಗದ ಅನುಮಾನವನ್ನೂ ಸೇರಿಸಿ. ಬಂದು ನೀರಿನ ಸ್ಯಾಂಪಲ್ ತೆಗೆಯುತ್ತಾರೆ. ಯಾವತ್ತು? ಗೊತ್ತಿಲ್ಲ.

ಟೋನಿ ಸರ್ ಬಳಿ ಮತ್ತೆ ಹೋದೆ. ಫ್ಯಾನ್ ನಿಲ್ಲಿಸಲು ಹೇಳಲೇ ಅಂತ ಕೇಳಿದೆ.

"ಹೇಳ್ಬೇಡಿ. ಅವರು ಬರ್ತಾರಲ್ಲ, ಅವರೇ ಹೇಳ್ತಾರೆ. ನೀವು ಹೇಳಿದ್ರೆ ಪೇಷಂಟ್ ಡೇಟಾ ಹೊರಗೆ ಹೋಯ್ತು ಅಂತ ಲೆಕ್ಕ. ಸೈನ್ ಮಾಡಿದ್ದೀರಿ ನೀವು."

"ಅಷ್ಟರಲ್ಲಿ ಇನ್ನೊಬ್ಬರಿಗೆ ಬಂದ್ರೆ, ಸರ್?"

ಅವರು ಮೌಸ್ ಹಿಡಿದು ಏನೂ ಇಲ್ಲದ ಸ್ಕ್ರೀನ್ ಮೇಲೆ ಕ್ಲಿಕ್ ಮಾಡುತ್ತಿದ್ದರು.

ಸಂಜೆ ಮಾವನಿಗೆ ಹೊರಗೆ ಧೂಳು, ಹೋಗಬೇಡಿ ಅಂದೆ. ಕಿಟಕಿ ತೆರೆದು ನೋಡಿದರು. "ಎಲ್ಲಮ್ಮಾ ಧೂಳು?" ಅಂದರು. ಸುಮ್ಮನೆ ಟಿವಿ ಮುಂದೆ ಕೂತರು.

ನಮ್ಮ ಮಾವ ಒಳಗೆ. ಉಳಿದವರು ಅಲ್ಲೇ ಕೂತಿದ್ದಾರೆ. ಪೂವಕ್ಕ ಅಲ್ಲೇ.

ಅಕ್ಟೋಬರ್ 15, ಬುಧವಾರ

ನಾಗಾರ್ಜುನನಿಗೆ ಎಲ್ಲ ಹೇಳಿದೆ. ಕೇಳಿ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತ. ಹಿಂದೆಯೇ ಹೋದೆ.

"ನಿನ್ನ ಕೆಲಸ ಹೋದ್ರೆ ನಾವು ಈ ತಿಂಗಳೇ ಪ್ಯಾಕ್ ಮಾಡ್ಬೇಕು. ಯೋಚ್ನೆ ಮಾಡಿದೀಯಾ?"

"ಮಾಡಿದೀನಿ."

"ಗಗನಾ ಸ್ಕೂಲು?"

"ಮಾಡಿದೀನಿ ಅಂದ್ನಲ್ಲ."

ಕುಕ್ಕರ್ ಕೂಗಿತು. ಅವನು ಒಲೆ ಆರಿಸಿದ. "ಅಪ್ಪನ್ನ ಒಳಗೆ ಕೂರಿಸಿ ಬೇರೆಯವರನ್ನ ಅಲ್ಲಿ ಬಿಡಕ್ಕಾಗಲ್ಲ ನಿನಗೆ. ನಂಗೊತ್ತು. ಹೋಗು. ಆದ್ರೆ ಫೋನಲ್ಲಿ ಬರೀಬೇಡ, ಬಾಯಲ್ಲಿ ಹೇಳು."

ಹೋದೆ. ತಾರಾನಾಥಣ್ಣನನ್ನು ಅಂಗಡಿ ಹಿಂದಕ್ಕೆ, ಗ್ಯಾಸ್ ಸಿಲಿಂಡರ್ ಇಡುವ ಕಡೆ ಕರೆದು ಹೇಳಿದೆ. ಯಾರ ಹೆಸರೂ ಇಲ್ಲ. ಫ್ಯಾನ್ ನಿಲ್ಲಿಸಿ, ಡ್ರಮ್ ಖಾಲಿ ಮಾಡಬೇಡಿ, ಹಾಗೇ ಇಡಿ, ಇಲಾಖೆಯವರು ಬರುತ್ತಾರೆ ಅಂದೆ.

ಅವನ ಮುಖ ಬಿಗಿಯಾಯಿತು. "ಜಾಹ್ನವಿಯವರೇ, ಫ್ಯಾನ್ ತಂದದ್ದೇ ಈ ಹಿರಿಯರಿಗೆ ಅಂತ. ನನ್ನ ಅಮ್ಮನೇ ಅದರೆದುರು ಕೂತ್ಕೊಳ್ತಾರೆ. ಅಮ್ಮನಿಗೆ ವಿಷ ಹಾಕ್ತೇನಾ ನಾನು?"

"ನೀವು ಹಾಕಿದ್ರಿ ಅಂತ ಯಾರು ಹೇಳಿದ್ರು ಅಣ್ಣ? ನೀರು. ಬಿಸಿಲಿಗೆ ನಿಂತ ನೀರು."

"ಯಾರು ಕಂಡದ್ದು ಅದನ್ನು? ನಿಮ್ಮ ಕಂಪ್ಯೂಟರಾ?"

"ಹೌದು."

"ಹಾಗಾದ್ರೆ ಕಂಪ್ಯೂಟರಿಗೆ ಇದನ್ನೂ ಹೇಳಿ. ಅಂಗಡಿಗೆ ಸೀಲ್ ಬಿದ್ರೆ ನನ್ನ ಕೆಲಸದವರೆಲ್ಲ ಊರಿನ ವಿಮಾನ ಹತ್ಬೇಕು."

"ಎರಡು ದಿನ ಆಫ್ ಮಾಡಿ ಸಾಕು. ಪೂವಕ್ಕನ ಮುಖ ನೋಡಿ ಮಾಡಿ."

"ನೋಡುವಾ," ಅಂದ. ಒಳಗೆ ಹೋದ.

ಬರುವಾಗ ಕಾರಿನ ಕನ್ನಡಿಯಲ್ಲಿ ನೋಡಿದೆ. ಫ್ಯಾನ್ ತಿರುಗುತ್ತಲೇ ಇತ್ತು.

ಅಕ್ಟೋಬರ್ 17, ಶುಕ್ರವಾರ, ಮಧ್ಯಾಹ್ನ

ಪೂವಕ್ಕನಿಗೆ ಜ್ವರ. ನಿನ್ನೆಯಿಂದಲೇ ಇತ್ತಂತೆ, ಶೀತ ಅಂದುಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ಮಗನನ್ನೇ ಗುರುತಿಸಲಿಲ್ಲ. ಆಂಬ್ಯುಲೆನ್ಸ್ ಬಂತು. ತಾರಾನಾಥಣ್ಣ ನನಗೆ ಫೋನ್ ಮಾಡಿದ. "ಡಾಕ್ಟರಿಗೆ ಎಂತ ಹೇಳ್ಬೇಕು? ಆ ಹೆಸರು ಎಂತದ್ದು?" ಅಂದ.

ಲೀಜಿಯೊನೆಲ್ಲಾ. ಬಿಡಿಸಿ ಬಿಡಿಸಿ ಹೇಳಿದೆ.

ಮಾವನ ಮೈ ಮುಟ್ಟಿ ನೋಡಿದೆ. ಸ್ವಲ್ಪ ಬಿಸಿ. ಅಥವಾ ನನ್ನ ಕೈ ತಣ್ಣಗಿತ್ತೋ... ನಾಗಾರ್ಜುನ ಕಾರು ತೆಗೆದಿದ್ದಾನೆ. ನಫೀಸಾ ಕ್ಲಿನಿಕ್‌ನಲ್ಲಿ ಕಾಯುತ್ತಿದ್ದಾಳೆ.

ಅಕ್ಟೋಬರ್ 18, ಶನಿವಾರ

ಮಾವನದು ನೆಗೆಟಿವ್. ಕಾಯಿಲೆ ಒಂದೊಂದು ಸಲ ಟೆಸ್ಟಿಗೆ ಸಿಗುವುದಿಲ್ಲ ಅಂತ ನಫೀಸಾ ಆದರೂ ಮಾತ್ರೆ ಶುರು ಮಾಡಿದಳು.

ಅವರಿಗೆ ಈಗ ಎಲ್ಲ ಗೊತ್ತು. ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಧೂಳು ಅಂದ್ಯಲ್ಲಮ್ಮಾ ಅವತ್ತು, ಅವತ್ತೇ ಹೇಳಿದ್ರೆ ಪೂವಕ್ಕನಿಗೆ ನಾನಾದ್ರೂ ಹೇಳ್ತಿದ್ದೆ," ಅಂದರು ಅಷ್ಟೆ. ಕೋಪ ಇರಲಿಲ್ಲ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೊದಲೇ ಹೇಳಿದ್ದರೆ ಪೂವಕ್ಕನಿಗೆ ಬರುತ್ತಿರಲಿಲ್ಲವಾ ಅಂತ ನಫೀಸಾಳನ್ನು ಕೇಳಿದೆ. "ಮಂಗಳವಾರ ಹೇಳಿದ್ರೂ ಅಷ್ಟೇ. ಆಗ್ಲೇ ಒಳಗೆ ಹೋಗಿತ್ತು," ಅಂದಳು. ಡಾಕ್ಟರ್ ಆಗಿ ಹೇಳಿದಳೋ ಸ್ನೇಹಿತೆಯಾಗಿಯೋ ಗೊತ್ತಾಗಲಿಲ್ಲ.

ಅಕ್ಟೋಬರ್ 23, ಗುರುವಾರ

ಪೂವಕ್ಕ ವೆಂಟಿಲೇಟರ್‌ನಲ್ಲಿ. ಪಾಸಿಟಿವ್.

ಇಲಾಖೆಯವರು ಬಂದು ಹೋದರಂತೆ. ನಲ್ಲಿ, ಟ್ಯಾಂಕ್, ಕೂಲರ್, ಎಲ್ಲದರ ನೀರು ತೆಗೆದುಕೊಂಡಿದ್ದಾರೆ. ಫ್ಯಾನ್ ಇರಲಿಲ್ಲ. ನಾಗಾರ್ಜುನ ಆ ದಾರಿಯಲ್ಲಿ ಹೋಗುವಾಗ ನೋಡಿದ — ಡ್ರಮ್ ಇಟ್ಟಿದ್ದ ಕಡೆ ನೆಲದ ಮೇಲೆ ದುಂಡನೆಯ ಬಿಳಿ ಗುರುತು ಮಾತ್ರ.

ತೆಗೆದು ಎಸೆದಿರಬೇಕು. ಒಳ್ಳೆಯದೇ ಆಯಿತು ಅಂದುಕೊಂಡೆ. ನಿಂತರೆ ಸಾಕಲ್ಲ.

ಟೋನಿ ಸರ್ ಕರೆದರು. ಕ್ಲಿನಿಕ್‌ನವರು ಈಗ ಅಧಿಕೃತವಾಗಿ ಕೇಳಿದ್ದಾರೆ, ವಾರವಾರದ ನ್ಯುಮೋನಿಯಾ ನಕ್ಷೆ ಬೇಕಂತೆ. "ಈಗ ನಮ್ಮ ಕೆಲಸದ ಸ್ಕೋಪಿನ ಒಳಗೆ ಬಂತು," ಅಂದರು. ಬಾಗಿಲು ಮುಚ್ಚಿ, "ಆ ಅಂಗಡಿಯವನಿಗೆ ಮೊದ್ಲೇ ಯಾರೋ ಹೇಳಿದ್ದಾರೆ ಅಂತ ಒಂದು ಮಾತು ಬಂದಿದೆ. ಯಾರು ಅಂತ ನಂಗೆ ಗೊತ್ತಿಲ್ಲ. ಗೊತ್ತಾಗುದೂ ಬೇಡ. ಇನ್ನೊಂದು ಸಲ ಆದ್ರೆ ನನ್ನ ಕೈಯಲ್ಲಿ ಇರುದಿಲ್ಲ, ಜಾಹ್ನವಿ," ಅಂದರು.

ಅಕ್ಟೋಬರ್ 28, ಮಂಗಳವಾರ

ಪೂವಕ್ಕ ಹೋದರು. ಬೆಳಿಗ್ಗೆ.

ನವೆಂಬರ್ 1, ಶನಿವಾರ

ಪೂವಕ್ಕನ ದೇಹವನ್ನು ಮಂಗಳೂರಿನ ವಿಮಾನಕ್ಕೆ ಕಳಿಸಿದರು. ತಾರಾನಾಥಣ್ಣನ ಹೆಂಡತಿ, ಮಗ ಕೃತಿಕ್ ಜೊತೆಗೆ ಹೋದರು. ತಾರಾನಾಥಣ್ಣ ಹೋಗಲಿಲ್ಲ, ಅಂಗಡಿಯ ವಿಚಾರಣೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ ಅಂದ. ತಾಯಿಯ ಕೊನೆಯ ಕೆಲಸಕ್ಕೆ ಹೋಗದ ಮಗ ಅಂತ ಜನ ಏರ್‌ಪೋರ್ಟಿನಲ್ಲಿಯೇ ಪಿಸುಗುಟ್ಟಿದರು.

ಮಾವನೂ ಬಂದಿದ್ದರು. ಜ್ವರ ಬಿಟ್ಟಿದೆ, ಸುಸ್ತು ಇದೆ. ತಾರಾನಾಥಣ್ಣನ ಕೈ ಹಿಡಿದು ನಿಂತರು. ಅವನು ನನ್ನ ಕಡೆ ನೋಡಿದ. "ನೀವು ಹೇಳಿದ್ರಿ," ಅಂದ. ಎರಡೇ ಪದ.

ನವೆಂಬರ್ 5, ಬುಧವಾರ

ಓಲ್ಡ್ ಏರ್‌ಪೋರ್ಟ್ ಮೇಲಿನ ಕಲೆ ತಿಳಿಯಾಗುತ್ತಿದೆ. ಫ್ಯಾನ್ ತೆಗೆದ ಮೇಲೆ ಬಂದ ಕೆಲವರು, ಮುಂಚೆ ಉಸಿರಿಗೆ ಎಳೆದುಕೊಂಡವರು. ಅದು ನಿರೀಕ್ಷಿಸಿದ್ದೇ. ಈ ವಾರ ಅಲ್ಲಿ ಯಾರೂ ಇಲ್ಲ. ಕುರ್ಚಿಗೆ ಒರಗಿದೆ. ತಿಂಗಳಾದ ಮೇಲೆ ಮೊದಲ ಸಲ ಬೆನ್ನು ಸಡಿಲವಾಯಿತು.

ಆಮೇಲೆ ನಕ್ಷೆ ಹಿಂದಕ್ಕೆ ಸರಿಸಿ, ಪೂರ್ತಿ ದೋಹಾ ಕಾಣುವ ಹಾಗೆ ಮಾಡಿದೆ.

ಊರಿನ ಇನ್ನೊಂದು ತುದಿಯ ಐನ್ ಖಾಲಿದ್. ಎರಡು ಚುಕ್ಕೆ. ಹೋದ ವಾರ ಇರಲಿಲ್ಲ. ಎರಡೂ ಹಿರಿಯರು. ನಡಿಗೆಯ ಬೇಲಿ ಎಳೆದೆ. ಎರಡು ಬೇಲಿ ತಾಗುವ ಕಡೆ ಒಂದು ಟೀ ಅಂಗಡಿ, ಮುಂದೆ ಅಂಗಳ.

ಫ್ಯಾನ್ ಎಸೆದಿಲ್ಲ. ಇಲ್ಲಿಗೆ ಬಂದಿರಬೇಕು.

ಟೋನಿ ಸರ್ ನೋಡಿದರು. ಈ ಸಲ ಅವರೇ ಕ್ಲಿನಿಕ್‌ಗೆ ಫೋನ್ ಮಾಡಿದರು. ನಫೀಸಾ ಇಲಾಖೆಗೆ ತಿಳಿಸಿದಳು. ಭಾನುವಾರ ಬರುತ್ತಾರಂತೆ.

ಭಾನುವಾರ. ನಡುವೆ ಗುರುವಾರದ ಸಂಜೆ, ಶುಕ್ರವಾರ, ಶನಿವಾರ. ಹೊರಗೆ ಕೂರುವ ದಿನಗಳೇ ಅವು.

ನವೆಂಬರ್ 6, ಗುರುವಾರ, ಬೆಳಿಗ್ಗೆ

ರಜೆ ಹಾಕಿದೆ. ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿದಿತ್ತು. ತಾರಾನಾಥಣ್ಣ ಒಳಗೆ ಒಬ್ಬನೇ, ಖಾಲಿ ಚಾ ಡಬ್ಬಿಗಳನ್ನು ಒರೆಸುತ್ತಿದ್ದ.

"ಫ್ಯಾನ್ ಯಾರಿಗೆ ಕೊಟ್ರಿ ಅಣ್ಣ?"

ಬಟ್ಟೆ ಹಿಡಿದ ಕೈ ನಿಂತಿತು.

"ಅಮ್ಮನನ್ನು ಆಂಬ್ಯುಲೆನ್ಸ್‌ಗೆ ಹತ್ತಿಸಿದ ದಿನ ಎಸಿ ರಿಪೇರಿಯ ಮುನಿಯಪ್ಪ ಬಂದಿದ್ದ. ಕಣ್ಣೆದುರು ಇರ್ಬಾರ್ದು ಅನಿಸಿತು. ತಕ್ಕೊಂಡು ಹೋಗು ಅಂದೆ. ಒಡೆದು ಗುಜರಿಗೆ ಹಾಕ್ತೇನೆ ಅಂದಿದ್ದ." ಡಬ್ಬಿ ಕೆಳಗಿಟ್ಟ. "ಇಲಾಖೆಯವರು ಬಂದಾಗ ಫ್ಯಾನೇ ಇರ್ಲಿಲ್ಲ ಅಂದೆ. ಹೆದರಿಕೆ ಆಯ್ತು."

"ಗುಜರಿಗೆ ಹಾಕಿಲ್ಲ. ಐನ್ ಖಾಲಿದ್‌ನಲ್ಲಿ ಇಬ್ಬರಿಗೆ ಬಂದಿದೆ."

ಕೂತುಬಿಟ್ಟ. ಮುಖ ಮುಚ್ಚಿಕೊಂಡು ತುಳುವಿನಲ್ಲಿ ಏನೋ ಹೇಳಿದ, ನನಗೆ ಅರ್ಥವಾಗಲಿಲ್ಲ, ಅಮ್ಮ ಅನ್ನುವುದೊಂದು ಬಿಟ್ಟು. ಎದ್ದು ಮುನಿಯಪ್ಪನಿಗೆ ಫೋನ್ ಹಚ್ಚಿದ. ಬೈಯಲಿಲ್ಲ. ಎಲ್ಲಿ, ಯಾರಿಗೆ, ಅಷ್ಟೇ ಕೇಳಿದ. ಮುನಿಯಪ್ಪ ಹೇಳಿದ್ದು ನಕ್ಷೆಯಲ್ಲಿ ಕಂಡ ಅದೇ ಟೀ ಅಂಗಡಿ. ಅಲ್ಲಿಯ ನಂಬರ್ ಇಸಿದುಕೊಂಡು ಹಚ್ಚಿದ. ಎತ್ತಲಿಲ್ಲ. ಸಂಜೆಗೇ ತೆರೆಯುವುದಂತೆ.

"ಸಂಜೆ ಹೋಗುವಾ," ಅಂದ.

ಮನೆಗೆ ಬಂದು ನಾಗಾರ್ಜುನನಿಗೆ ಹೇಳಿದೆ. ಟೋನಿ ಸರ್ ಹೇಳಿದ್ದನ್ನೂ ಹೇಳಿದೆ. ಅವನು ಗಗನಾಳ ಟಿಫಿನ್ ಬಾಕ್ಸ್ ತೊಳೆಯುತ್ತಿದ್ದ. "ಪ್ಯಾಕಿಂಗ್ ಬಾಕ್ಸ್ ಎಲ್ಲಿ ಸಿಗುತ್ತೆ ಅಂತ ನೋಡ್ಕೋತೀನಿ ಬಿಡು," ಅಂದ. ನಗಲೂ ಇಲ್ಲ, ಬೈಯಲೂ ಇಲ್ಲ. ಮಾವ ಒಳಗಿನಿಂದ, "ಹೋಗಿ ಬಾರಮ್ಮ," ಅಂದರು.

ಅದೇ ದಿನ, ಸಂಜೆ, ಐನ್ ಖಾಲಿದ್

ಕಾರಿನಲ್ಲಿ ಕೂತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಎದುರಿಗೇ ಕಾಣುತ್ತಿದೆ. ಅದೇ ಎರಡು ಫ್ಯಾನ್. ಅಂಗಳದಲ್ಲಿ ಬಣ್ಣದ ದೀಪದ ಸರ, ಉದ್ದ ಬೆಂಚು. ಊರುಗೋಲು ಹಿಡಿದ ಒಬ್ಬರು ಹಿರಿಯರು ಈಗಷ್ಟೇ ಬಂದು ಕೂತರು. ಮಗಳಿರಬೇಕು, ಅವರ ಬೆಂಚನ್ನು ತಂಪಿನ ಹತ್ತಿರಕ್ಕೆ ಸರಿಸುತ್ತಿದ್ದಾಳೆ.

ತಾರಾನಾಥಣ್ಣ ಒಬ್ಬನೇ ಇಳಿದು ಹೋದ. ನಾನು ಬಾಗಿಲು ತೆರೆದರೆ ತಡೆದ. "ನೀವು ಬರ್ಬೇಡಿ. ನಿಮಗೆ ಕೆಲಸ ಉಂಟು, ಮಗು ಉಂಟು. ನನ್ನ ಫ್ಯಾನ್, ನನ್ನ ಅಮ್ಮ. ನಾನೇ ಹೇಳ್ತೇನೆ."

ಮಾಲೀಕನ ಜೊತೆ ಮಾತಾಡುತ್ತಿದ್ದಾನೆ. ಮಾಲೀಕ ನಗುತ್ತಿದ್ದಾನೆ, ಹೆಗಲ ಮೇಲೆ ಕೈ ಹಾಕಿ ಚಾ ಕುಡಿಯಲು ಕರೆಯುತ್ತಿದ್ದಾನೆ. ತಾರಾನಾಥಣ್ಣ ತಲೆ ಆಡಿಸುತ್ತಿದ್ದಾನೆ. ಫ್ಯಾನಿನ ಕಡೆ ಕೈ ತೋರಿಸುತ್ತಿದ್ದಾನೆ. ಮಾಲೀಕನ ನಗು ನಿಂತಿತು. ಸುತ್ತ ಇನ್ನಿಬ್ಬರು ಬಂದರು. ಯಲ್ಲಾ, ಯಲ್ಲಾ ಅಂತ ಹೊರಗೆ ತಳ್ಳುತ್ತಿದ್ದಾರೆ.

ಅವನು ಹೋಗುತ್ತಿಲ್ಲ. ಬಗ್ಗಿದ. ವೈರ್ ಹಿಡಿದು ಎಳೆದ.

ಮಂಜು ನಿಂತಿತು.

ಕಾಲರ್ ಹಿಡಿದಿದ್ದಾರೆ. ಡ್ರಮ್ಮಿಗೆ ಅಡ್ಡ ನಿಂತಿದ್ದಾನೆ, ಯಾರೂ ನೀರು ಚೆಲ್ಲದ ಹಾಗೆ. ಜನ ಎದ್ದು ನಿಂತಿದ್ದಾರೆ, ಅವನು ಹೇಳುವುದು ಯಾರಿಗೂ ಅರ್ಥವಾಗುತ್ತಿಲ್ಲ. ಆ ಮಗಳು ಮಾತ್ರ ಅಪ್ಪನ ತೋಳು ಹಿಡಿದು ಆ ಕಡೆ ಈ ಕಡೆ ನೋಡುತ್ತಿದ್ದಾಳೆ. ಅವಳಿಗೆ ಯಾರಾದರೂ ಸರಿಯಾಗಿ ಹೇಳಬೇಕು. ಲ್ಯಾಪ್‌ಟಾಪ್ ಹಿಂದಿನ ಸೀಟಿನಲ್ಲಿದೆ. ನಕ್ಷೆ ತೋರಿಸಿದರೆ

ಇಳಿಯುತ್ತಿದ್ದೇನೆ. ಏನಾದರೂ ಆಗಲಿ, ನಾನೇ ಹೇಳುತ್ತೇನೆ.